ಮನಸ್ಸು ಕೆಟ್ಟಾಗ ಮೊದಲು ದೇಹವನ್ನು ವಿಚಾರಿಸಿ

ಊಟದ ಹೊತ್ತು ಮೀರಿದರೆ ಕೆಲವರಿಗೆ ಎದೆ ಡವಡವ ಹೊಡೆದುಕೊಳ್ಳುತ್ತದೆ. ಕೈ ನಡುಗುತ್ತದೆ, ಸಣ್ಣ ಮಾತಿಗೂ ರೇಗುತ್ತದೆ. ರಕ್ತದಲ್ಲಿ ಸಕ್ಕರೆ ತೀರಾ ಇಳಿದಾಗ ದೇಹ ಅಡ್ರಿನಲಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಹೆದರಿದಾಗ ಬಿಡುವುದೂ ಇದನ್ನೇ. ಹೀಗಾಗಿ ಹಸಿವು ಆತಂಕದಂತೆ ಕಾಣುವುದುಂಟು. ಹೊಟ್ಟೆಯನ್ನೂ ಮೆದುಳನ್ನೂ ಜೋಡಿಸುವ ವೇಗಸ್ ನರದ ಎಳೆಗಳಲ್ಲಿ ಸುಮಾರು ಶೇ 80ರಷ್ಟು ಕೆಳಗಿನಿಂದ ಮೇಲಕ್ಕೇ ಸುದ್ದಿ ಒಯ್ಯುತ್ತವೆ. ಆ ಸುದ್ದಿಯನ್ನು ಓದಲು ಕಲಿಯಬಹುದು.

ಮೊದಲು ಮಾಡಬೇಕಾದ್ದು ಇಷ್ಟೇ. ಮನಸ್ಸು ಕುಸಿದಾಗ ಒಂದು ನಿಮಿಷ ಸುಮ್ನೆ ಕೂತು ಕೇಳಿಕೊಳ್ಳಿ: ಕೊನೆಗೆ ತಿಂದದ್ದು ಯಾವಾಗ? ನೀರು ಕುಡಿದೆನಾ? ರಾತ್ರಿ ನಿದ್ದೆ ಆಯಿತಾ? ಎದೆ, ಹೊಟ್ಟೆ, ಭುಜ ಹೇಗಿವೆ? ಉತ್ತರವನ್ನು ಎರಡು ಸಾಲು ಬರೆದಿಡಿ. ಒಂದೆರಡು ವಾರದಲ್ಲಿ ನಿಮ್ಮದೇ ಒಂದು ಮಾದರಿ ಕಾಣಬಹುದು. ಆದರೆ ಎದೆಬಡಿತ ಗಮನಿಸಿದಷ್ಟೂ ಗಾಬರಿ ಜಾಸ್ತಿಯಾಗುವವರು, ಊಟದ ವಿಷಯದಲ್ಲೇ ಮಾನಸಿಕ ತೊಂದರೆ ಇರುವವರು ಇದನ್ನು ಒಬ್ಬರೇ ಮಾಡಬೇಡಿ. ತಜ್ಞರ ಜೊತೆ ಮಾಡಿ.

ಆಮೇಲೆ ಊಟದ ಹೊತ್ತನ್ನು ಸರಿಪಡಿಸಿ. ಏನು ತಿನ್ನಬೇಕು ಎನ್ನುವುದಕ್ಕಿಂತ ಮುಂಚೆ ಇದು ಮುಖ್ಯ ಎಂದು ನನಗನಿಸುತ್ತದೆ. ನಂತರ ತಟ್ಟೆಗೆ ತರಕಾರಿ, ಹಣ್ಣು, ಬೇಳೆಕಾಳು, ಇಡೀ ಧಾನ್ಯ ಸೇರಿಸುತ್ತಾ ಹೋಗಿ. 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಖಿನ್ನತೆ ಇದ್ದ 67 ಜನ ಇದ್ದರು. 12 ವಾರ ಇಂಥ ಊಟಕ್ಕೆ ಬದಲಾದ ಗುಂಪಿನಲ್ಲಿ ಸುಮಾರು ಮೂರರಲ್ಲೊಬ್ಬರು ಖಿನ್ನತೆಯಿಂದ ಹೊರಬಂದರು. ಇನ್ನೊಂದು ಗುಂಪಿನಲ್ಲಿ ಶೇ 8ರಷ್ಟು ಮಂದಿ ಮಾತ್ರ. ಅಧ್ಯಯನ ಚಿಕ್ಕದು ನಿಜ. ಭಾಗವಹಿಸಿದವರಲ್ಲಿ ಹೆಚ್ಚಿನವರು ಔಷಧ ಅಥವಾ ಕೌನ್ಸೆಲಿಂಗ್ ಕೂಡ ಪಡೆಯುತ್ತಿದ್ದರು. ಆದ್ದರಿಂದ ದಯವಿಟ್ಟು ಊಟ ಬದಲಿಸಿ ಮಾತ್ರೆ ನಿಲ್ಲಿಸಬೇಡಿ.

ಕಾಫಿ, ಟೀ ಮಧ್ಯಾಹ್ನಕ್ಕೇ ಮುಗಿಸಿ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು 5 ಗಂಟೆಯಾದರೂ ದೇಹದಲ್ಲೇ ಇರುತ್ತದೆ. ನಿದ್ದೆ ಕೆಟ್ಟರೆ ಮರುದಿನದ ಮನಸ್ಸೂ ಕೆಡುತ್ತದೆ, ಅಲ್ವಾ?

ಎರಡು ವಾರ ಕಳೆದರೂ ಬೇಸರ ಬಿಡದಿದ್ದರೆ, ಯಾವುದರಲ್ಲೂ ಆಸಕ್ತಿ ಹುಟ್ಟದಿದ್ದರೆ ಡಾಕ್ಟರನ್ನು ಕಾಣಿ. ಬದುಕೇ ಬೇಡ ಎನ್ನಿಸಿದರೆ ಅಷ್ಟು ದಿನ ಕಾಯಲೇಬೇಡಿ, ಅಂದೇ ಹೋಗಿ. ಬರೆದಿಟ್ಟ ಸಾಲುಗಳನ್ನು ತೋರಿಸಿ. ವಿಟಮಿನ್ ಬಿ12, ಕಬ್ಬಿಣದ ಅಂಶ, ಥೈರಾಯ್ಡ್ ಪರೀಕ್ಷೆ ಬೇಕೇ ಎಂದೂ ಕೇಳಿ. ಇವುಗಳ ಕೊರತೆಯೂ ಸುಸ್ತು, ಮಂಕು ತರುತ್ತದೆ.