ಹಿತ್ತಲ ಕೋಳಿಯಿಂದ ಮಲ್ಪೆಯ ದ್ವೀಪದ ತನಕ: ಮಕ್ಕಳ ಜೊತೆ ಡೈನೋಸಾರ್ ಹುಡುಕಾಟ

ಮಗಳಿಗೆ ನಾಲ್ಕು ತುಂಬಿದಾಗ ಅವಳನ್ನು ಒಂದು ಡೈನೋಸಾರ್ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆವು. ಕತ್ತಲ ಕೋಣೆ, ಕೆಂಪು ದೀಪ, ತಲೆಯ ಮೇಲೆ ಒಮ್ಮೆಲೇ ಘರ್ಜನೆ. ಎರಡೇ ನಿಮಿಷಕ್ಕೆ ಅಳುತ್ತಾ ನನ್ನ ಹೆಗಲಿಗೆ ಅಂಟಿಕೊಂಡಳು. ವಾಪಸ್ ಬರುವಾಗ ಬಸ್ಸಿನಲ್ಲಿ ಮೂಗು ಒರೆಸಿಕೊಂಡು ಕೇಳಿದಳು: "ಅಮ್ಮ, ಡೈನೋಸಾರ್ ಎಲ್ಲ ಸತ್ತೋಗಿವೆ ಅಂತೀಯಲ್ಲ, ಮತ್ತೆ ಅವು ಹಾಗೇ ಕೂಗ್ತವೆ ಅಂತ ಅವರಿಗೆ ಹೇಗೆ ಗೊತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಅವು ಹೇಗೆ ಕೂಗುತ್ತಿದ್ದವು ಅಂತ ಖಚಿತವಾಗಿ ಹೇಳಲು ಯಾರಿಂದಲೂ ಆಗುವುದಿಲ್ಲ. ಮೂಳೆ ಉಳಿಯುತ್ತದೆ, ಸದ್ದು ಉಳಿಯುವುದಿಲ್ಲ. ಅಂದಿನಿಂದ ನಮ್ಮ ಮನೆಯ ಓಡಾಟಗಳೆಲ್ಲ ಅದೊಂದೇ ಪ್ರಶ್ನೆಯ ಹಿಂದೆ ಹೋಗಿವೆ. ಉದ್ದುದ್ದ ಹೆಸರುಗಳನ್ನು ಮಕ್ಕಳು ಹೇಗೂ ಕಲಿತುಬಿಡುತ್ತಾರೆ, ಅದಕ್ಕೆ ನಾವು ಬೇಕಿಲ್ಲ. 'ಹೇಗೆ ಗೊತ್ತು' ಅನ್ನುವುದನ್ನು ಕೈಹಿಡಿದು ತೋರಿಸಲು ಮಾತ್ರ ದೊಡ್ಡವರು ಜೊತೆಗಿರಬೇಕು. ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ನಾವು ಮಾಡಿ ನೋಡಿದ ದಾರಿ ಇದು.

ಮೊದಲು ಕೋಳಿಯನ್ನು ನೋಡಿ

ಮ್ಯೂಸಿಯಂಗೆ ಹೋಗುವ ಮುಂಚೆ ಕೋಳಿ ಇರುವ ಮನೆಗೆ ಹೋಗಿ. ಊರಲ್ಲಿ ಅಜ್ಜಿ ಮನೆಯಿದ್ದರೆ ಇನ್ನೂ ಒಳ್ಳೆಯದು. ಹಕ್ಕಿಗಳು ಡೈನೋಸಾರ್ ವಂಶದ್ದೇ ಒಂದು ಕವಲು. ಆ ಕವಲು ಮಾತ್ರ ಇವತ್ತಿಗೂ ಬದುಕಿದೆ. ಇದನ್ನು ಬಾಯಲ್ಲಿ ಹೇಳಬೇಡಿ. ಮಗುವನ್ನು ಹಿತ್ತಲಲ್ಲಿ ಕೂರಿಸಿ, ಕೋಳಿಯ ಕಾಲನ್ನು ಮಾತ್ರ ನೋಡು ಅನ್ನಿ. ಮುಂದೆ ಮೂರು ಬೆರಳು. ಕಾಲಿನ ತುಂಬ ಹುರುಪೆ. ಎರಡೇ ಕಾಲಲ್ಲಿ ನಡಿಗೆ, ಕುತ್ತಿಗೆ ಹಿಂದೆ ಮುಂದೆ. ಆಮೇಲೆ ಪುಸ್ತಕದಲ್ಲಿ ಮಾಂಸ ತಿನ್ನುವ ದೈತ್ಯ ಡೈನೋಸಾರ್ ಟಿ. ರೆಕ್ಸ್‌ನ ಕಾಲಿನ ಚಿತ್ರ ತೋರಿಸಿ. ಮಗುವಿನ ಮುಖ ನೋಡಬೇಕು ನೀವು.

ಮಾಂಸದಡುಗೆ ಮಾಡುವ ಮನೆಯಾದರೆ, ಕೋಳಿಯ ಎದೆಯ ಮೇಲ್ಭಾಗದಲ್ಲಿ ಕವೆಗೋಲಿನಂತೆ ಕಾಣುವ ಸಣ್ಣ ಮೂಳೆಯನ್ನು ತೊಳೆದು ಒಣಗಿಸಿ ಇಡಿ. ಟಿ. ರೆಕ್ಸ್‌ಗೂ ಅಂಥದ್ದೇ ಮೂಳೆ ಇತ್ತು.

ನಮ್ಮ ಮಗಳಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಹೆಜ್ಜೆಗುರುತಿನ ಆಟ. ಒಂದು ಹಳೆಯ ತಟ್ಟೆಯಲ್ಲಿ ಹಸಿ ಜೇಡಿಮಣ್ಣು ತಟ್ಟಿ. ಅದರಾಚೆ ನಾಲ್ಕು ಕಾಳು ಚೆಲ್ಲಿ. ಕೋಳಿ ಮಣ್ಣು ತುಳಿದುಕೊಂಡೇ ಹೋಗುತ್ತದೆ. ಅದರ ಕಾಲಿನ ಗುರುತಿನ ಸುತ್ತ ರಟ್ಟಿನ ಬಳೆ ನಿಲ್ಲಿಸಿ. ಒಂದು ಲೋಟ ನೀರಿಗೆ ಎರಡು ಲೋಟ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ, ಕೋಲಿನಿಂದ ಕಲಸಿ ಸುರಿಯಿರಿ. ಕಲಸುವ ಕೆಲಸ ದೊಡ್ಡವರದ್ದೇ ಆಗಿರಲಿ. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ, ಕೈ ಹಾಕಲು ಬಿಡಬಾರದು. ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟಿಕೊಳ್ಳುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಮೆಲ್ಲಗೆ ಎಬ್ಬಿಸಿದರೆ ಕೋಳಿಯ ಪಾದ ಉಬ್ಬಿ ಬಂದಿರುತ್ತದೆ.

ಆಗ ಕೇಳಿ: ಈ ಕೋಳಿ ಓಡುತ್ತಿತ್ತಾ, ನಡೆಯುತ್ತಿತ್ತಾ? ಒಂದೇ ಇತ್ತಾ, ಎರಡಿದ್ದವಾ? ಹೆಜ್ಜೆಗಳ ನಡುವಿನ ಅಂತರ ನೋಡಿ ಮಗುವೇ ಹೇಳುತ್ತದೆ. ಡೈನೋಸಾರ್ ಎಷ್ಟು ವೇಗವಾಗಿ ನಡೆಯುತ್ತಿತ್ತು ಅಂತ ವಿಜ್ಞಾನಿಗಳು ಲೆಕ್ಕ ಹಾಕುವುದೂ ಹೀಗೇ. ಕಲ್ಲಾಗಿ ಉಳಿದ ಹೆಜ್ಜೆಗಳ ಅಂತರ ಅಳೆದು.

ಕೋಟಿಯನ್ನು ಕಾಲಲ್ಲಿ ಅಳೆಯಿರಿ

ಐದು ವರ್ಷದ ಮಗುವಿಗೆ ನಿನ್ನೆಯೂ ಹೋದ ವರ್ಷವೂ ಒಂದೇ. ಅದರ ಮುಂದೆ ಡೈನೋಸಾರ್ ಅಳಿದು 6.6 ಕೋಟಿ ವರ್ಷ ಆಯಿತು ಅಂದರೆ ಏನು ಅರ್ಥವಾದೀತು? ಅದಕ್ಕೆ ಒಂದು ಮೈದಾನ ಸಾಕು. ಒಂದು ಹೆಜ್ಜೆಗೆ ಒಂದು ಕೋಟಿ ವರ್ಷ.

ಗೋಡೆಗೆ ಬೆನ್ನು ಕೊಟ್ಟು ನಿಂತುಕೊಳ್ಳಿ. ಗೋಡೆಯೇ ಇವತ್ತು. ಮಗುವಿನ ಕೈಯಲ್ಲಿ ಐದಾರು ಕಲ್ಲು ಕೊಡಿ. ಆರು ಹೆಜ್ಜೆ ಹಾಕಿ, ಏಳನೆಯದರ ನಡುವೆ ಮೊದಲ ಕಲ್ಲು. ಟಿ. ರೆಕ್ಸ್ ಸೇರಿದಂತೆ ಹಕ್ಕಿಗಳನ್ನು ಬಿಟ್ಟು ಎಲ್ಲ ಡೈನೋಸಾರ್‌ಗಳೂ ಅಳಿದದ್ದು ಅಲ್ಲಿ. ಹದಿನೈದನೇ ಹೆಜ್ಜೆಗೆ ಇನ್ನೊಂದು, ಬೆನ್ನ ಮೇಲೆ ಹಲಗೆ ಹೊತ್ತ ಸ್ಟೆಗೊಸಾರಸ್‌ಗೆ. ಇಪ್ಪತ್ತಮೂರನೇ ಹೆಜ್ಜೆ ಮೊದಲ ಡೈನೋಸಾರ್‌ಗಳದ್ದು. ಇಲ್ಲಿ ಒಂದು ನಿಮಿಷ ನಿಲ್ಲಿ. ಟಿ. ರೆಕ್ಸ್‌ನ ಕಲ್ಲು ಯಾರಿಗೆ ಹತ್ತಿರ? ಸ್ಟೆಗೊಸಾರಸ್‌ಗಾ, ಗೋಡೆಗಾ? ಗೋಡೆಗೇ ಹತ್ತಿರ! ಆಟಿಕೆ ಪೆಟ್ಟಿಗೆಯಲ್ಲಿ ಜಗಳ ಆಡುವ ಆ ಇಬ್ಬರೂ ಒಮ್ಮೆಯೂ ಮುಖಾಮುಖಿ ಆದವರಲ್ಲ.

ಮತ್ತೆ ಮನುಷ್ಯರು? ನಮ್ಮ ಜಾತಿಯ ಜೀವಿ ಹುಟ್ಟಿ ಸುಮಾರು 3 ಲಕ್ಷ ವರ್ಷ. ಹೆಜ್ಜೆ ಲೆಕ್ಕದಲ್ಲಿ ಅದು ಒಂದೂವರೆ ಸೆಂಟಿಮೀಟರ್ ಅಷ್ಟೇ. ಗೋಡೆಯ ಬುಡದಲ್ಲಿ ಮಗುವಿನ ಹೆಬ್ಬೆರಳು ಇಡಿಸಿ ತೋರಿಸಿ. ಗುಹೆಯ ಮನುಷ್ಯರು ಡೈನೋಸಾರ್ ಬೇಟೆಯಾಡುವ ಕಾರ್ಟೂನ್ ನೋಡಿದ ಮಕ್ಕಳಿಗೆ ಬೇರೇನೂ ವಿವರಣೆ ಬೇಕಾಗುವುದಿಲ್ಲ.

ಲಾಲ್‌ಬಾಗ್‌ನಲ್ಲಿ ಅರ್ಧ ದಿನ

ಇಲ್ಲಿ ಒಂದು ನಿಜವನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಬೆಂಗಳೂರಿನ ಸುತ್ತಮುತ್ತ ಎಷ್ಟು ಅಗೆದರೂ ಡೈನೋಸಾರ್ ಮೂಳೆ ಸಿಗುವುದಿಲ್ಲ. ಕಾರಣ ಕೇಳಿದರೆ ಬೇಜಾರಾಗುವ ಬದಲು ಹೆಮ್ಮೆಯಾಗುತ್ತದೆ. ನಮ್ಮ ಬಂಡೆಗಳು ಡೈನೋಸಾರ್‌ಗಿಂತ ತುಂಬಾ ಹಳೆಯವು. ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ. ಹೆಜ್ಜೆ ಆಟದಲ್ಲಿ ಮುನ್ನೂರು ಹೆಜ್ಜೆ! ಆ ಬಂಡೆ ಆದಾಗ ಮೂಳೆ ಇರುವ ಒಂದು ಜೀವಿಯೂ ಭೂಮಿಯ ಮೇಲೆ ಇರಲಿಲ್ಲ. ಅಲ್ಲಿ ಚಪ್ಪಲಿ ಬಿಟ್ಟು ಕೂತು, ಅಂಗೈ ಊರಿ ಬಂಡೆಯ ಬಿಸಿ ನೋಡಲು ಹೇಳಿ. ಬಿಳಿ, ಬೂದು ಪಟ್ಟೆಗಳನ್ನು ಬೆರಳಲ್ಲಿ ಹಿಂಬಾಲಿಸಲಿ.

ಅದೇ ತೋಟದಲ್ಲಿ ಕಲ್ಲಾದ ಮರದ ತುಂಡೊಂದಿದೆ. ತಮಿಳುನಾಡಿನ ತಿರುವಕ್ಕರೈನಿಂದ ತಂದದ್ದು, ಸುಮಾರು 2 ಕೋಟಿ ವರ್ಷ ಹಳೆಯದು. ಡೈನೋಸಾರ್ ಕಾಲದ್ದಲ್ಲ, ಆದರೆ ಪಳೆಯುಳಿಕೆ ಅಂದರೆ ಏನು ಅಂತ ಹೇಳಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು. ನೋಡಲು ಮರ, ನಿಜದಲ್ಲಿ ಕಲ್ಲು. ಮಣ್ಣಿನಡಿ ಹೂತ ಮರದೊಳಗೆ ಖನಿಜ ಕರಗಿದ ನೀರು ಇಳಿದು, ಮರ ಕರಗುತ್ತಾ ಹೋದ ಹಾಗೆ ಆ ಜಾಗದಲ್ಲಿ ಖನಿಜ ಕೂತಿತು. ಮನೆಗೆ ಬಂದು ಪಾತ್ರೆ ತೊಳೆಯುವ ಸ್ಪಂಜಿನ ಒಂದು ಚೂರನ್ನು ಗಟ್ಟಿ ಉಪ್ಪುನೀರಲ್ಲಿ ಅದ್ದಿ ಬಿಸಿಲಿಗಿಡಿ. ಮೂರ್ನಾಲ್ಕು ದಿನಕ್ಕೆ ಕಲ್ಲಿನಂತೆ ಬಿರುಸಾಗುತ್ತದೆ. ಸ್ಪಂಜಿನ ಒಂದೊಂದು ತೂತಲ್ಲೂ ಉಪ್ಪು ಕೂತಿರುತ್ತದೆ.

ಹೊರಡುವ ಮುಂಚೆ ಅರೌಕೇರಿಯಾ ಮರಗಳನ್ನೂ ನೋಡಿ. ನೆಟ್ಟಗೆ, ಎತ್ತರಕ್ಕೆ ಬೆಳೆದ ಮರಗಳು, ಕ್ರಿಸ್‌ಮಸ್ ಮರ ಅಂತ ಕರೆಯುತ್ತಾರೆ. ಈ ಮರದ ಕುಟುಂಬ ಡೈನೋಸಾರ್ ಕಾಲದಲ್ಲೂ ಇತ್ತು. ಉದ್ದ ಕತ್ತಿನವು ಮೇಯುತ್ತಿದ್ದದ್ದು ಇಂಥ ಕಾಡುಗಳಲ್ಲಿ. ಸಮಯ ಉಳಿದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಬಹುದು, ಅಲ್ಲಿ ಅಲುಗಾಡುವ ಸ್ಪೈನೋಸಾರಸ್ ಮಾದರಿ ಇದೆ. ಅಳುಬುರುಕ ಮಕ್ಕಳಾದರೆ ಮೊದಲು ದೂರದಿಂದ ತೋರಿಸಿ.

ದೇವರ ಮನೆಯ ಕಲ್ಲು

ಇದು ಓಡಾಟವೇ ಅಲ್ಲ, ಪಕ್ಕದ ಮನೆಯ ತನಕ ಹೋದರೆ ಸಾಕು. ನಮ್ಮ ಪಕ್ಕದ ಮನೆಯ ಅಜ್ಜಿ ಪೂಜೆಗೆ ಇಟ್ಟಿರುವ ಸಾಲಿಗ್ರಾಮವನ್ನು ಮಗಳಿಗೆ ದೂರದಿಂದ ತೋರಿಸಿದರು. ಕಪ್ಪು ಕಲ್ಲು, ಒಳಗೆ ಚಕ್ರ. ನೇಪಾಳದ ಗಂಡಕಿ ನದಿಯಿಂದ ಬರುವ ಈ ಚಕ್ರದ ಕಲ್ಲುಗಳು ಅಮೋನೈಟ್ ಅನ್ನುವ ಸಮುದ್ರಜೀವಿಯ ಪಳೆಯುಳಿಕೆ. ನೆಲದ ಮೇಲೆ ಡೈನೋಸಾರ್ ಓಡಾಡುತ್ತಿದ್ದಾಗ ಅವು ಕಡಲಲ್ಲಿ ಈಜುತ್ತಿದ್ದವು. ಎರಡೂ ಅಳಿದದ್ದು ಒಂದೇ ಹೊತ್ತಿಗೆ. ಹಿಮಾಲಯದ ನದಿಯಲ್ಲಿ ಕಡಲಿನ ಜೀವಿ ಯಾಕೆ ಸಿಗುತ್ತದೆ? ಈಗ ಬೆಟ್ಟವಿರುವ ಕಡೆ ಆಗ ಕಡಲಿತ್ತು.

ಪೂಜೆಯ ವಸ್ತು ಅಂದಮೇಲೆ ಕೇಳಿಯೇ ನೋಡಬೇಕು, ಮುಟ್ಟಬೇಡ ಅಂದರೆ ಮುಟ್ಟಬಾರದು. ಅಜ್ಜಿಯ ಭಕ್ತಿಗೆ ವಿಜ್ಞಾನದಿಂದ ಏನೂ ಕಡಿಮೆಯಾಗಲಿಲ್ಲ. "ಹತ್ತಾರು ಕೋಟಿ ವರ್ಷದ್ದೇ?" ಅಂತ ಕೇಳಿ ಮತ್ತೊಮ್ಮೆ ಕೈಮುಗಿದರು. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ರೈತರು ಹೊಲ ಕಾಯುವ ದೇವರೆಂದು ಪೂಜಿಸುತ್ತಿದ್ದ ದುಂಡು ಕಲ್ಲುಗಳು ಡೈನೋಸಾರ್ ಮೊಟ್ಟೆಗಳೆಂದು 2023ರಲ್ಲಿ ಸುದ್ದಿಯಾಗಿತ್ತು. ಆ ಕಥೆಯನ್ನು ಅವರಿಗೂ ಹೇಳಿದೆ.

ಮಲ್ಪೆಯಿಂದ ದೋಣಿಯಲ್ಲಿ

ಒಂದೇ ಒಂದು ಪ್ರವಾಸ ಮಾಡಲು ಸಾಧ್ಯ ಅಂದರೆ ಇದನ್ನೇ ಮಾಡಿ. ಉಡುಪಿ ಹತ್ತಿರದ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೋಗುತ್ತದೆ. ಮಳೆಗಾಲದಲ್ಲಿ ಇರುವುದಿಲ್ಲ, ಅಕ್ಟೋಬರ್ ನಂತರ ಹೊರಡಿ. ಜಾಸ್ತಿ ಜನ ಫೋಟೊ ತೆಗೆಸಿಕೊಂಡು ವಾಪಸ್ ಬರುತ್ತಾರೆ. ನೀವು ಕಲ್ಲು ನೋಡಲು ಹೋಗಿ.

ಅಲ್ಲಿ ಕಲ್ಲುಗಳು ಯಾರೋ ಕಡೆದು ಜೋಡಿಸಿದ ಕಂಬಗಳ ಹಾಗೆ ನಿಂತಿವೆ. ಬಹಳಷ್ಟಕ್ಕೆ ಆರು ಮುಖ, ಕೆಲವಕ್ಕೆ ಐದು, ಏಳೂ ಉಂಟು. ಎಣಿಸುವ ಕೆಲಸ ಮಗುವಿಗೆ ಕೊಡಿ. ಯಾರೂ ಕಡೆದಿಲ್ಲ. ಲಾವಾ ಆರುವಾಗ ಕುಗ್ಗಿ ಬಿರಿಯಿತು, ಆ ಬಿರುಕು ಕೆಳಕ್ಕೆ ಇಳಿದು ಕಂಬಗಳಾದವು. ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಒಣಗಿ ಬಿರಿಯುವುದನ್ನು ಮಗು ನೋಡಿದ್ದರೆ ತಟ್ಟನೆ ಗೊತ್ತಾಗುತ್ತದೆ. ನೋಡಿಲ್ಲವಾದರೆ ಮೊದಲು ಅದನ್ನು ತೋರಿಸಿ, ಆಮೇಲೆ ಮಲ್ಪೆಗೆ ಬನ್ನಿ.

ಈ ಲಾವಾ ಉಕ್ಕಿದ್ದು ಸುಮಾರು 8.8 ಕೋಟಿ ವರ್ಷದ ಹಿಂದೆ. ಮೈದಾನದ ಒಂಬತ್ತನೇ ಹೆಜ್ಜೆ. ಅಂದರೆ ಡೈನೋಸಾರ್‌ಗಳು ಬದುಕಿದ್ದಾಗಲೇ! ಆಗ ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದವು. ಅವು ಬೇರೆಯಾಗುವಾಗ ನೆಲ ಸೀಳಿ ಲಾವಾ ಹೊರಬಂತು. ನಾವು ಬುತ್ತಿಗೆ ಕಟ್ಟಿಕೊಂಡು ಹೋಗಿದ್ದ ಚಪಾತಿಯನ್ನು ಎರಡು ತುಂಡು ಮಾಡಿ, ಒಂದನ್ನು ಪಡುವಣಕ್ಕೆ ಸರಿಸಿ ಮಗಳಿಗೆ ತೋರಿಸಿದೆವು. ಆಮೇಲೆ ಗುಜರಾತಿನಲ್ಲಿ ಸಿಕ್ಕ ರಾಜಾಸಾರಸ್‌ನ ಚಿತ್ರ, ಮಡಗಾಸ್ಕರ್‌ನಲ್ಲಿ ಸಿಕ್ಕ ಮಜುಂಗಾಸಾರಸ್‌ನ ಚಿತ್ರ ಪಕ್ಕಪಕ್ಕ ಇಟ್ಟೆವು. ಎರಡೂ ಮಾಂಸ ತಿನ್ನುವವು, ಒಂದೇ ಬಳಗದವು. ನಡುವೆ ಅಷ್ಟು ದೊಡ್ಡ ಕಡಲಿದ್ದರೂ ನೆಂಟರು ಹೇಗೆ ಆದರು? ಅವಳು ಚಪಾತಿಯ ತುಂಡುಗಳನ್ನು ಮತ್ತೆ ಜೋಡಿಸಿ ತೋರಿಸಿದಳು, ಆಮೇಲೆ ಮಡಗಾಸ್ಕರ್ ತಿಂದಳು.

ಅಲ್ಲಿಂದ ಕಲ್ಲು, ಚಿಪ್ಪು ಏನನ್ನೂ ತರಬೇಡಿ. ಬಂಡೆಗಳ ಹತ್ತಿರ ನೀರಿಗಿಳಿಸಬೇಡಿ. ನೆರಳು ಕಡಿಮೆ, ಟೋಪಿ ಮತ್ತು ನೀರು ಜೊತೆಗಿರಲಿ.

ಉತ್ತರ ಕರ್ನಾಟಕದವರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ವಿಜಯಪುರದ ಗೋಲಗುಮ್ಮಟ ಕಟ್ಟಿದ ಕಪ್ಪು ಕಲ್ಲೂ ಲಾವಾದ್ದೇ. ಜೋಳ, ಹತ್ತಿ ಬೆಳೆಯುವ ಎರೆಮಣ್ಣು ಆ ಕಲ್ಲು ಪುಡಿಯಾಗಿ ಆದದ್ದು. ಡೈನೋಸಾರ್‌ಗಳ ಕೊನೆಗಾಲದಲ್ಲಿ, 6.6 ಕೋಟಿ ವರ್ಷದ ಹಿಂದೆ, ದಖ್ಖನ್‌ನಲ್ಲಿ ಲಕ್ಷಾಂತರ ವರ್ಷ ಲಾವಾ ಉಕ್ಕಿತ್ತು. ಅದೇ ಹೊತ್ತಿಗೆ ಈಗಿನ ಮೆಕ್ಸಿಕೋದಲ್ಲಿ ದೊಡ್ಡ ಕ್ಷುದ್ರಗ್ರಹವೊಂದು ಬಂದು ಬಿತ್ತು. ಡೈನೋಸಾರ್ ಅಳಿಯಲು ಆ ಕ್ಷುದ್ರಗ್ರಹವೇ ಮುಖ್ಯ ಕಾರಣ ಅಂತ ಬಹುಪಾಲು ವಿಜ್ಞಾನಿಗಳು ಹೇಳುತ್ತಾರೆ. ಲಾವಾದ ಪಾಲೆಷ್ಟು ಅನ್ನುವ ಚರ್ಚೆ ಇನ್ನೂ ನಡೆಯುತ್ತಿದೆ.

ಈ ಮಾತು ಬಂದಾಗ "ನಾವೂ ಹಾಗೇ ಸತ್ತು ಹೋಗ್ತೀವಾ?" ಅಂತ ಕೆಲವು ಮಕ್ಕಳು ಕೇಳುತ್ತಾರೆ. ಮಾತು ಹಾರಿಸಬೇಡಿ. ಹತ್ತಿರ ಕೂರಿಸಿಕೊಂಡು, ಅಂಥ ಕಲ್ಲು ಬೀಳುವುದು ತುಂಬಾ ತುಂಬಾ ಅಪರೂಪ ಅಂತಲೂ, ಆಕಾಶವನ್ನು ದೂರದರ್ಶಕ ಹಿಡಿದು ಕಾಯುವವರಿದ್ದಾರೆ ಅಂತಲೂ ಹೇಳಿ. ಅದು ನಿಜವೂ ಹೌದು.

ಕೊನೆಗೆ ನಿಜವಾದ ಮೂಳೆ

ಇಷ್ಟಾದ ಮೇಲೆ ಹೈದರಾಬಾದಿಗೆ ಹೋಗಿ. ಅಲ್ಲಿನ ಬಿರ್ಲಾ ವಿಜ್ಞಾನ ಮ್ಯೂಸಿಯಂನಲ್ಲಿ ಕೋಟಾಸಾರಸ್‌ನ ಅಸ್ಥಿಪಂಜರ ನಿಂತಿದೆ. ಹಳೆಯ ಆದಿಲಾಬಾದ್ ಜಿಲ್ಲೆಯ ಯಾಮನಪಲ್ಲಿಯಲ್ಲಿ ಸಿಕ್ಕ ಉದ್ದ ಕತ್ತಿನ ಸಸ್ಯಾಹಾರಿ ಅದು. ಕಲಬುರಗಿ, ಬೀದರ್ ಕಡೆಯವರಿಗೆ ಹತ್ತಿರದ ದಾರಿ. ಒಳಗೆ ಹೋದ ತಕ್ಷಣ ಫಲಕ ಓದಿ ಹೇಳಲು ಶುರುಮಾಡಬೇಡಿ. ಬಾಲದಿಂದ ತಲೆಯವರೆಗೆ ಮಗು ಹೆಜ್ಜೆ ಎಣಿಸಲಿ, ಕಾಲ್ಬೆರಳು ನೋಡಲಿ, ಒಂದೇ ಒಂದು ಮೂಳೆಯ ಚಿತ್ರ ಬರೆಯಲಿ. ಗುಜರಾತಿಗೆ ಹೋಗುವ ಅವಕಾಶ ಸಿಕ್ಕರೆ ಬಾಲಾಸಿನೋರ್ ಹತ್ತಿರದ ರಯ್ಯೋಲಿಯನ್ನು ಬಿಡಬೇಡಿ, ಡೈನೋಸಾರ್ ಮೊಟ್ಟೆಗಳು ನೆಲದಲ್ಲೇ ಇವೆ.

ದಾರಿಯಲ್ಲಿ ಹೇಳಲು ಎರಡು ಕಥೆ. ಮೊದಲನೆಯದು ಲದ್ದಿಯದು, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಕಲ್ಲಾದ ಡೈನೋಸಾರ್ ಲದ್ದಿಯೊಳಗೆ ಹುಲ್ಲಿನ ಸೂಕ್ಷ್ಮ ಕಣಗಳಿದ್ದವು. 2005ರಲ್ಲಿ ಅದು ಪ್ರಕಟವಾಗುವ ತನಕ ಡೈನೋಸಾರ್ ಕಾಲದಲ್ಲಿ ಹುಲ್ಲು ಇತ್ತು ಅಂತ ಯಾರೂ ಅಷ್ಟು ನಂಬಿರಲಿಲ್ಲ. ನಮ್ಮ ಭತ್ತ, ರಾಗಿ ಎಲ್ಲ ಹುಲ್ಲಿನ ಬಳಗವೇ ಅಲ್ವಾ?

ಎರಡನೆಯದು ಹಾವಿನದು. 1987ರಲ್ಲಿ ಗುಜರಾತಿನ ಧೋಲಿ ಡುಂಗ್ರಿಯಲ್ಲಿ ಭೂವಿಜ್ಞಾನಿ ಧನಂಜಯ ಮೊಹಬೆ ಅವರಿಗೆ ಒಂದು ಡೈನೋಸಾರ್ ಗೂಡಿನ ಪಳೆಯುಳಿಕೆ ಸಿಕ್ಕಿತು. ಮೊಟ್ಟೆ, ಆಗತಾನೇ ಹೊರಬಂದ ಮರಿಯ ಮೂಳೆ. ಸುತ್ತಲಿನ ಸಣ್ಣ ಮೂಳೆಗಳೂ ಮರಿಯದ್ದೇ ಅಂದುಕೊಂಡಿದ್ದರು. ವರ್ಷಗಳು ಕಳೆದ ಮೇಲೆ, 2001ರಲ್ಲಿ, ಅಮೆರಿಕದ ವಿಜ್ಞಾನಿ ಜೆಫ್ ವಿಲ್ಸನ್ ಅದೇ ಕಲ್ಲನ್ನು ಮತ್ತೆ ನೋಡಿದರು. ಆ ಸಣ್ಣ ಮೂಳೆಗಳು ಹಾವಿನದು. ಒಡೆದ ಮೊಟ್ಟೆಗೆ ಸುತ್ತಿಕೊಂಡು, ಮರಿಯನ್ನು ನುಂಗಲು ಕಾದಿದ್ದ ಮೂರೂವರೆ ಮೀಟರ್ ಉದ್ದದ ಹಾವು. ಅಷ್ಟರಲ್ಲಿ ಮಣ್ಣು ಕುಸಿದು ಎಲ್ಲವನ್ನೂ ಹಾಗೇ ಮುಚ್ಚಿತ್ತು. 2010ರಲ್ಲಿ ಅದಕ್ಕೆ ಸನಾಜೆ ಇಂಡಿಕಸ್ ಅಂತ ಹೆಸರಿಟ್ಟರು.

ಈ ಕಥೆ ಕೇಳಿ ಮಗಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಾವು ಅಲ್ಲೇ ಇತ್ತಾ, ಅಷ್ಟು ವರ್ಷ? ಯಾರಿಗೂ ಕಾಣಿಸಲೇ ಇಲ್ವಾ?" ಅಂದಳು. ಊರಿಗೆ ಬಂದ ಮೇಲೆ ಬಾಗಿಲ ಪಕ್ಕದ ಬುಟ್ಟಿಯನ್ನು ಮಗುಚಿ, ತಾನು ಬೀದಿಯಲ್ಲಿ ಆರಿಸಿ ತಂದಿದ್ದ ಕಲ್ಲುಗಳನ್ನೆಲ್ಲ ಚೆಲ್ಲಿಕೊಂಡು ಕೂತಳು. ಭೂತಗನ್ನಡಿ ಹಿಡಿದು ಒಂದೊಂದನ್ನೇ ಮೊದಲಿಂದ ನೋಡತೊಡಗಿದಳು.