ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ: ಕೈಕೊಟ್ಟ ವಾಷಿಂಗ್ ಮಷಿನ್, ಫ್ರಿಜ್, ಮಿಕ್ಸಿಯ ತೊಂದರೆ ಹುಡುಕುವುದು ಹೇಗೆ?

ವಾಷಿಂಗ್ ಮಷಿನ್ ಅರ್ಧಕ್ಕೆ ನಿಂತಿದೆ. ಡ್ರಮ್ಮಿನ ತುಂಬ ಸೋಪಿನ ನೀರು. ಬಾಗಿಲು ತೆಗೆಯಲು ಬರುತ್ತಿಲ್ಲ. ಇಂಥ ಹೊತ್ತಲ್ಲಿ ಕೈ ತಾನಾಗಿಯೇ ಇರುವ ಬಟನ್‌ಗಳನ್ನೆಲ್ಲ ಒತ್ತತೊಡಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ನಿಮಿಷ ಸುಮ್ನೆ ನಿಂತು ನೋಡಿ. ಮಷಿನ್ ಯಾವ ಹಂತದಲ್ಲಿ ನಿಂತಿತು? ನೀರು ತುಂಬುವಾಗಲೋ, ಬಿಸಿಯಾಗುವಾಗಲೋ, ಹೊರಗೆ ಹೋಗುವಾಗಲೋ? ನಿಲ್ಲುವ ಮುಂಚೆ ಗುಂಯ್ ಎಂದು ಸದ್ದು ಬಂತೇ? ಪರದೆಯ ಮೇಲೆ ಯಾವುದಾದರೂ ಅಕ್ಷರ, ಅಂಕಿ ಮಿನುಗುತ್ತಿದೆಯೇ? ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಕರೆಂಟು ತೆಗೆದ ಮೇಲೆ ಅದು ಮಾಯವಾಗುತ್ತದೆ. ಆ ಕೋಡ್‌ನ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಜೊತೆಗೆ ಬಂದ ಪುಸ್ತಕದಲ್ಲೇ ನೋಡಬೇಕು.

ಎಲ್ಲಿ ನಿಂತಿತು ಎಂದು ಸರಿಯಾಗಿ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಮನೆಯಲ್ಲಿ ಬರುವ ಬಹಳಷ್ಟು ತೊಂದರೆಗಳಿಗೆ ಒಂದು ಸ್ಕ್ರೂ ಕೂಡ ಬಿಚ್ಚಬೇಕಾಗಿಲ್ಲ. ಇನ್ನು ಕೆಲವನ್ನು ಎಷ್ಟೇ ಧೈರ್ಯ ಇದ್ದರೂ ಬಿಚ್ಚಬಾರದು. ಯಾವುದು ಯಾವುದು ಎಂದು ಮೊದಲೇ ತಿಳಿದಿರಬೇಕು.

ಮೊದಲು ಕರೆಂಟು

ಯಂತ್ರಕ್ಕೆ ಜೀವವೇ ಇಲ್ಲದಿದ್ದರೆ, ಮೊದಲು ಸಾಕೆಟ್ ಪರೀಕ್ಷಿಸಿ. ಸರಿಯಾಗಿರುವ ಒಂದು ಟೇಬಲ್ ಲ್ಯಾಂಪನ್ನೋ ಫೋನ್ ಚಾರ್ಜರನ್ನೋ ಅದೇ ಸಾಕೆಟ್‌ಗೆ ಹಾಕಿ ನೋಡಿ. ಅದೂ ನಡೆಯದಿದ್ದರೆ ತೊಂದರೆ ಯಂತ್ರದ್ದಲ್ಲ.

ಆಮೇಲೆ ಪ್ಲಗ್ ಕಿತ್ತು ಅದರ ಪಿನ್‌ಗಳನ್ನು ನೋಡಿ. ಕಂದು ಕಲೆ, ಕರಗಿದ ಪ್ಲಾಸ್ಟಿಕ್, ಸುಟ್ಟ ವಾಸನೆ ಇದ್ದರೆ ಸಾಕೆಟ್ ಒಳಗೆ ಹಿಡಿತ ಸಡಿಲವಾಗಿದೆ ಎಂದರ್ಥ. ಸಡಿಲವಾದ ಕಡೆ ಶಾಖ ಹುಟ್ಟುತ್ತದೆ. ಬರೀ ಪ್ಲಗ್ ಬದಲಿಸಿದರೆ ಸಾಲದು, ಸಾಕೆಟ್ಟನ್ನೂ ಬದಲಿಸಬೇಕು. ನೀರು ಬಿಸಿ ಮಾಡುವ ಯಂತ್ರಗಳನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಲೇಬೇಡಿ. 2000 ವಾಟ್‌ನ ಹೀಟರ್ 230 ವೋಲ್ಟ್‌ನಲ್ಲಿ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ. ತೆಳ್ಳಗಿನ ವೈರ್ ಅದನ್ನು ತಡೆಯುವುದಿಲ್ಲ.

ಮಷಿನ್ ಹಾಕಿದಾಗ ಮನೆಯ ಟ್ರಿಪ್ ಸ್ವಿಚ್ ಬೀಳುತ್ತಿದೆಯೇ? ಅದು ಯಾವಾಗ ಬೀಳುತ್ತದೆ ಎಂದು ಗಮನಿಸಿ. ಪ್ಲಗ್ ಚುಚ್ಚಿದ ತಕ್ಷಣ ಬಿದ್ದರೆ ವೈರ್‌ನಲ್ಲೋ, ಕರೆಂಟು ಒಳಗೆ ಬರುವ ಜಾಗದಲ್ಲೋ ದೋಷ ಇರಬಹುದು. ಸ್ವಲ್ಪ ಹೊತ್ತು ಚೆನ್ನಾಗಿ ಓಡಿ, ನೀರು ಬಿಸಿಯಾಗಲು ಶುರುವಾದಾಗ ಬಿದ್ದರೆ ಹೀಟರ್ ಕಾಯಿಲ್ ಮೇಲೇ ಅನುಮಾನ. ಅದರ ಹೊರಕವಚ ಬಿರುಕು ಬಿಟ್ಟು ಕರೆಂಟು ನೀರಿಗೆ ಸೋರುತ್ತಿರಬಹುದು. ಮನೆಗಳಲ್ಲಿ ಹಾಕುವ ಸೋರಿಕೆ ತಡೆಯುವ ಸ್ವಿಚ್ ಸಾಮಾನ್ಯವಾಗಿ 30 ಮಿಲಿಆಂಪಿಯರ್‌ಗೇ ಬೀಳುವಂತೆ ಮಾಡಿರುತ್ತಾರೆ, ಅದಕ್ಕಿಂತ ಜಾಸ್ತಿ ಮೈಯಲ್ಲಿ ಹರಿದರೆ ಜೀವಕ್ಕೆ ಅಪಾಯ ಎಂಬ ಕಾರಣಕ್ಕೆ. ಬಿದ್ದ ಸ್ವಿಚ್ಚನ್ನು ಮತ್ತೆ ಮತ್ತೆ ಎತ್ತುವುದು, ಬೀಳದಂತೆ ದೊಡ್ಡದನ್ನು ಹಾಕಿಸುವುದು ಎರಡೂ ತಪ್ಪು.

ಮೈ ಮುಟ್ಟಿದರೆ ಜುಮ್ಮೆನ್ನುವ ಯಂತ್ರದ ಬಗ್ಗೆ ಒಂದು ಮಾತು. ಚಪ್ಪಲಿ ಹಾಕಿಕೊಂಡರೆ ಆಯ್ತು, ಏನೂ ಆಗಲ್ಲ ಎಂದು ವರ್ಷಗಟ್ಟಲೆ ಹಾಗೇ ಬಳಸುವವರನ್ನು ನಾನು ನೋಡಿದ್ದೇನೆ. ನನಗೆ ನಿಜಕ್ಕೂ ಭಯವಾಗುತ್ತದೆ. ಒಂದೋ ಅರ್ತ್ ವೈರ್ ಕಡಿದಿದೆ, ಇಲ್ಲವೇ ಒಳಗೆ ಕರೆಂಟು ಸೋರುತ್ತಿದೆ. ಎರಡೂ ಆಗಿರಬಹುದು. ಎಲೆಕ್ಟ್ರಿಷಿಯನ್ ಬಂದು ಅರ್ತ್ ನೋಡುವವರೆಗೆ ಆ ಯಂತ್ರ ಬಂದ್ ಆಗಿರಲಿ.

ಇಲ್ಲಿಂದ ಮುಂದೆ ಹೇಳುವ ಎಲ್ಲ ಕೆಲಸಕ್ಕೂ ಪ್ಲಗ್ಗನ್ನು ಪೂರ್ತಿ ಕಿತ್ತಿರಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಕಿತ್ತ ಪ್ಲಗ್ ನಿಮ್ಮ ಕಣ್ಣೆದುರೇ ಬಿದ್ದಿರಲಿ, ಆಗ ಗೊತ್ತಿಲ್ಲದೆ ಬೇರೆ ಯಾರೂ ಹಾಕುವುದಿಲ್ಲ. ಕೈ ಒಣಗಿರಲಿ, ನೆಲವೂ ಒಣಗಿರಲಿ.

ನೀರು ಹೊರಗೆ ಹೋಗದ ವಾಷಿಂಗ್ ಮಷಿನ್

ಇದು ಎಲ್ಲಕ್ಕಿಂತ ಸಾಮಾನ್ಯ. ಮುಂದೆ ಬಾಗಿಲಿರುವ ಮಷಿನ್ ಆದರೆ ಕೆಳಗಿನ ಮೂಲೆಯಲ್ಲಿ ಒಂದು ಸಣ್ಣ ಮುಚ್ಚಳ ಇರುತ್ತದೆ. ಅದರ ಹಿಂದೆ ಪಂಪಿನ ಫಿಲ್ಟರ್. ಬಿಸಿನೀರಿನ ತೊಳೆತ ನಡೆಯುತ್ತಿದ್ದರೆ ಮೊದಲು ತಣ್ಣಗಾಗಲು ಬಿಡಿ. ಹಲವು ಮಷಿನ್‌ಗಳಲ್ಲಿ ಫಿಲ್ಟರ್ ಪಕ್ಕ ಒಂದು ಚಿಕ್ಕ ಪೈಪ್ ಇರುತ್ತದೆ. ಅಗಲವಾದ ತಟ್ಟೆ ಇಟ್ಟು ಅದರಿಂದ ನೀರು ಇಳಿಸಿ. ಆ ಪೈಪ್ ಇಲ್ಲದಿದ್ದರೆ ಫಿಲ್ಟರನ್ನು ಕಾಲು ಸುತ್ತು ಮಾತ್ರ ಸಡಿಲಿಸಿ, ತಟ್ಟೆ ತುಂಬಿದಾಗ ಬಿಗಿ ಮಾಡಿ, ಚೆಲ್ಲಿ, ಮತ್ತೆ ಸಡಿಲಿಸಿ. ಒಮ್ಮೆಲೇ ತೆಗೆದರೆ ನೀರೆಲ್ಲ ನೆಲಕ್ಕೆ. ತಾಳ್ಮೆ ಬೇಕು, ಹತ್ತು ತಟ್ಟೆಯಾದರೂ ಆಗುತ್ತದೆ.

ನೀರು ಖಾಲಿಯಾದ ಮೇಲೆ ಫಿಲ್ಟರ್ ಹೊರಗೆಳೆಯಿರಿ. ನಾಣ್ಯ, ಗುಂಡಿ, ಹೇರ್‌ಪಿನ್, ಕೂದಲಿನ ಉಂಡೆ ಸಿಗುತ್ತವೆ. ಒಮ್ಮೆ ನಮ್ಮ ಮನೆಯ ಮಷಿನ್ ನಿಂತಾಗ ಪಂಪ್ ಸುಟ್ಟಿದೆ ಎಂದೇ ತಿಳಿದಿದ್ದೆವು. ಸಿಕ್ಕಿದ್ದು ಮಗುವಿನ ಒಂದು ಕಾಲುಚೀಲ.

ಫಿಲ್ಟರ್ ತೆಗೆದ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಪುಟ್ಟ ಫ್ಯಾನಿನಂಥ ಚಕ್ರ ಕಾಣುತ್ತದೆ. ಅದಕ್ಕೆ ದಾರ ಸುತ್ತಿಕೊಂಡಿದ್ದರೆ ಬಿಡಿಸಿ. ಒಂದು ಕಡ್ಡಿಯಿಂದ ಮೆಲ್ಲಗೆ ತಿರುಗಿಸಿ ನೋಡಿ. ಸರಾಗವಾಗಿ ತಿರುಗದೆ ತಡೆದು ತಡೆದು ತಿರುಗಿದರೆ ಹೆದರಬೇಡಿ. ಇಂಥ ಪಂಪುಗಳ ಒಳಗೆ ಅಯಸ್ಕಾಂತ ಇರುತ್ತದೆ, ಹಾಗಾಗಿ ಅವು ತಿರುಗುವುದೇ ಹಾಗೆ. ಸ್ವಲ್ಪವೂ ಅಲುಗದಿದ್ದರೆ, ಇಲ್ಲವೇ ಚಕ್ರವೇ ಕಳಚಿ ಕೈಗೆ ಬಂದರೆ ಪಂಪ್ ಬದಲಿಸಬೇಕು.

ಬಾಗಿಲು ತೆಗೆಯದಿರುವುದಕ್ಕೂ ಇದೇ ಕಾರಣ. ಒಳಗೆ ನೀರಿರುವ ತನಕ ಬೀಗ ಬಿಡುವುದಿಲ್ಲ. ನೀರಿಲ್ಲದಿದ್ದರೂ ಬೀಗ ಬಿಡಲು ಒಂದೆರಡು ನಿಮಿಷ ಹಿಡಿಯುತ್ತದೆ. ಹಿಡಿ ಜಗ್ಗಿದರೆ ಮುರಿಯುವುದು ಹಿಡಿಯೇ. ಕೆಲವು ಮಷಿನ್‌ಗಳಲ್ಲಿ ಫಿಲ್ಟರ್ ಹತ್ತಿರ ಬಣ್ಣದ ಒಂದು ದಾರ ಇರುತ್ತದೆ, ನೀರು ಪೂರ್ತಿ ಇಳಿಸಿದ ಮೇಲೆ ಅದನ್ನು ಎಳೆದರೆ ಬಾಗಿಲು ತೆರೆಯುತ್ತದೆ.

ಇದಕ್ಕೆ ಉಲ್ಟಾ ಇನ್ನೊಂದು ತೊಂದರೆಯಿದೆ. ನೀರು ತುಂಬುತ್ತಲೇ ಇರುತ್ತದೆ, ಮಟ್ಟ ಮಾತ್ರ ಏರುವುದಿಲ್ಲ. ಆಗ ಹೊರಹೋಗುವ ಪೈಪ್ ನೋಡಿ. ಅದರ ತುದಿ ನೆಲದ ಮಟ್ಟದಲ್ಲಿ ಬಿದ್ದಿದ್ದರೆ, ಇಲ್ಲವೇ ಗೋಡೆಯ ಪೈಪಿನೊಳಗೆ ತೀರಾ ಆಳಕ್ಕೆ ತುರುಕಿದ್ದರೆ ತುಂಬಿದ ನೀರೆಲ್ಲ ತಾನಾಗಿ ಎಳೆದುಕೊಂಡು ಹೋಗುತ್ತದೆ. ಪುಸ್ತಕದಲ್ಲಿ ಹೇಳಿದ ಎತ್ತರಕ್ಕೆ ಪೈಪ್ ಏರಿಸಿ ಕಟ್ಟಿ, ತುದಿಯ ಸುತ್ತ ಗಾಳಿಯಾಡಲು ಜಾಗ ಬಿಡಿ. ಅಷ್ಟೇ ರಿಪೇರಿ.

ನೀರು ಬರುವುದೇ ನಿಧಾನವಾಗಿದ್ದರೆ ನಲ್ಲಿ ಮುಚ್ಚಿ, ಮಷಿನ್ ಹಿಂದಿನ ಪೈಪ್ ಬಿಚ್ಚಿ. ಅಲ್ಲಿ ಉಗುರಿನಷ್ಟಗಲದ ಒಂದು ಜಾಲರಿ ಇದೆ. ಮರಳು, ಸುಣ್ಣ ಕಟ್ಟಿಕೊಂಡಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.

ಹಿಂಡುವಾಗ ಮಷಿನ್ ಕುಣಿದರೆ ಒಂದೇ ದಪ್ಪ ಚಾದರ ಉಂಡೆ ಕಟ್ಟಿದೆಯೇ, ನಾಲ್ಕೂ ಕಾಲು ನೆಲಕ್ಕೆ ತಾಗಿವೆಯೇ ನೋಡಿ. ಹೊಸ ಮಷಿನ್ ಆದರೆ ಸಾಗಿಸುವಾಗ ಡ್ರಮ್ ಅಲುಗದಂತೆ ಹಿಂದೆ ಹಾಕಿರುವ ಉದ್ದ ಬೋಲ್ಟ್‌ಗಳನ್ನು ತೆಗೆಯಲು ಮರೆತಿರಬಹುದು.

ಫ್ರಿಜ್ ತಣ್ಣಗಾಗುತ್ತಿಲ್ಲ

ಒಳಗಿನ ದೀಪ ಉರಿಯುತ್ತಿದೆ, ತಂಪು ಮಾತ್ರ ಇಲ್ಲ. ಬಾಗಿಲಿನ ರಬ್ಬರ್‌ನಿಂದ ಶುರು ಮಾಡಿ. ಒಂದು ಕಾಗದ ಇಟ್ಟು ಬಾಗಿಲು ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದುಬಿಟ್ಟರೆ ಆ ಜಾಗದಲ್ಲಿ ಬಿಸಿ ಗಾಳಿ ಒಳಗೆ ನುಗ್ಗುತ್ತಿದೆ. ಸುತ್ತಲೂ ಹೀಗೇ ಪರೀಕ್ಷಿಸಿ. ರಬ್ಬರನ್ನು ಬೆಚ್ಚಗಿನ ಸೋಪಿನ ನೀರಲ್ಲಿ ಒರೆಸಿದರೆ ಎಷ್ಟೋ ಸಲ ಮತ್ತೆ ಕೂರುತ್ತದೆ. ಹಿಂದೆಯೋ ಕೆಳಗೋ ಕಪ್ಪು ಕೊಳವೆಗಳ ಜಾಲ ಕಾಣುತ್ತಿದ್ದರೆ ಧೂಳು ತೆಗೆಯಿರಿ. ಒಳಗಿನ ಶಾಖ ಹೊರಗೆ ಹೋಗುವುದು ಅಲ್ಲಿಂದಲೇ. ಸಾಮಾನನ್ನು ಒತ್ತೊತ್ತಾಗಿ ತುಂಬಿ ಒಳಗಿನ ಗಾಳಿ ಕಿಂಡಿ ಮುಚ್ಚಿದ್ದರೂ ಇದೇ ಕಥೆ. ಒಳಗೆ ಒಂದು ಥರ್ಮಾಮೀಟರ್ ಇಟ್ಟು ನೋಡಿ. ಫ್ರಿಜ್‌ನಲ್ಲಿ 4 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಫ್ರೀಜರ್‌ನಲ್ಲಿ ಮೈನಸ್ 18 ಇರಬೇಕು.

ತರಕಾರಿ ಡ್ರಾಯರ್ ಕೆಳಗೆ ನೀರು ನಿಲ್ಲುತ್ತಿದ್ದರೆ ಹಿಂದಿನ ಗೋಡೆಯ ಬುಡದಲ್ಲಿರುವ ತೂತು ಕಟ್ಟಿದೆ. ಅದಕ್ಕೆ ಮೆತ್ತಗಿನ ಪ್ಲಾಸ್ಟಿಕ್ ಕಡ್ಡಿ, ಬೆಚ್ಚಗಿನ ನೀರು ಸಾಕು.

ಆದರೆ ಫ್ರೀಜರ್‌ನ ಮಂಜುಗಡ್ಡೆಯನ್ನು ಚಾಕುವಿನಿಂದ ಕೆತ್ತಬೇಡಿ. ನಮ್ಮ ಮನೆಯಲ್ಲೇ ಒಂದು ಫ್ರಿಜ್ ಹೀಗೆ ಹೋಯಿತು. ಚಾಕು ಒಮ್ಮೆ ಜಾರಿತು, ಸುಯ್ ಎಂದು ಸದ್ದಾಯಿತು, ಅಲ್ಲಿಗೆ ಮುಗಿಯಿತು. ಮಂಜಿನ ಹಿಂದೆಯೇ ಗ್ಯಾಸ್ ಹರಿಯುವ ತೆಳು ಕೊಳವೆ ಇರುತ್ತದೆ. ಈಗಿನ ಹಲವು ಫ್ರಿಜ್‌ಗಳಲ್ಲಿರುವ ಆರ್600ಎ ಎಂಬ ಗ್ಯಾಸ್ ಬೆಂಕಿ ಹತ್ತುವಂಥದ್ದು. ಸೋರಿದೆ ಅನ್ನಿಸಿದರೆ ಹತ್ತಿರದ ಉರಿ ಆರಿಸಿ, ಕಿಟಕಿ ತೆರೆಯಿರಿ, ಫ್ರಿಜ್‌ನ ಹತ್ತಿರ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಗ್ಯಾಸ್ ತುಂಬುವುದು, ಕೊಳವೆ ಬೆಸೆಯುವುದು ತರಬೇತಿ ಇರುವವರ ಕೆಲಸ.

ಫ್ರಿಜ್ ಆಫ್ ಮಾಡಿದರೆ ಮತ್ತೆ ಹಾಕುವ ಮುಂಚೆ ಐದು ನಿಮಿಷ ಕಾಯಿರಿ. ಗ್ಯಾಸನ್ನು ಒತ್ತಿ ಹರಿಸುವ ಕಂಪ್ರೆಸರ್‌ನ ಎರಡು ಬದಿಯ ಒತ್ತಡ ಸಮ ಆಗದೆ ಹಾಕಿದರೆ ಮೋಟರ್ ತಿರುಗಲಾರದೆ ಬಿಸಿಯಾಗುತ್ತದೆ.

ಮಿಕ್ಸಿ ಮತ್ತು ಕೆಟಲ್

ಓಡುತ್ತಿದ್ದ ಮಿಕ್ಸಿ ಫಕ್ಕನೆ ನಿಂತರೆ ತಲೆಕೆಳಗು ಮಾಡಿ ನೋಡಿ. ಅನೇಕ ಮಿಕ್ಸಿಗಳ ತಳದಲ್ಲಿ ಕೆಂಪು ಗುಂಡಿ ಇದೆ. ಭಾರ ಜಾಸ್ತಿಯಾದಾಗ ಅದು ಕರೆಂಟು ತಪ್ಪಿಸಿ ಮೋಟರ್ ಉಳಿಸುತ್ತದೆ. ಮೋಟರ್ ತಣ್ಣಗಾದ ಮೇಲೆ ಒತ್ತಿ, ಜಾರ್‌ನಲ್ಲಿರುವುದನ್ನು ಅರ್ಧ ಕಡಿಮೆ ಮಾಡಿ. ಮೋಟರ್ ತಿರುಗಿ ಬ್ಲೇಡ್ ತಿರುಗದಿದ್ದರೆ ನಡುವಿನ ರಬ್ಬರ್ ಕಪ್ಲರ್ ಸವೆದಿದೆ. ಒಳಗೆ ಜಾಸ್ತಿ ಕಿಡಿ ಕಂಡು ಶಕ್ತಿ ಕುಂದಿದ್ದರೆ, ಮೋಟರ್‌ನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರುತ್ತದೆ. ಅದನ್ನು ಯಾವಾಗಲೂ ಜೋಡಿಯಾಗಿಯೇ ಬದಲಿಸಬೇಕು.

ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟಿದ್ದರೆ ನಿಂಬೆ ಹುಳಿಯ ಪುಡಿ ಹಾಕಿದ ನೀರನ್ನು ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಕೆಟಲ್‌ನ ತಳದಿಂದ ನೀರು ಸೋರುತ್ತಿದ್ದರೆ ಮಾತ್ರ ರಿಪೇರಿಗೆ ಹೋಗಬೇಡಿ, ಎಸೆಯಿರಿ.

ಮೈಕ್ರೋವೇವ್: ಬಿಚ್ಚಲೇಬಾರದು

ಪ್ಲಗ್ ಕಿತ್ತಿದ್ದೇನಲ್ವಾ, ಇನ್ನೇನು ಎಂದು ಅನ್ನಿಸಬಹುದು. ಇದರೊಳಗಿನ ಕೆಪಾಸಿಟರ್ 2000 ವೋಲ್ಟ್ ಮಟ್ಟದ ಕರೆಂಟನ್ನು ಪ್ಲಗ್ ಕಿತ್ತ ಮೇಲೂ ಹಿಡಿದಿಟ್ಟುಕೊಂಡಿರಬಲ್ಲದು. ಒಂದು ಸ್ಪರ್ಶ ಸಾಕು, ಪ್ರಾಣ ಹೋಗುತ್ತದೆ. ನಿಮ್ಮ ಕೆಲಸ ಬಾಗಿಲಿನ ಒಳಗಡೆಗೆ ಮಾತ್ರ: ತಟ್ಟೆ ತಿರುಗಿಸುವ ಉಂಗುರ ಒರೆಸುವುದು, ಒಳಗೋಡೆಗೆ ಅಂಟಿದ ಜಿಡ್ಡು ತೆಗೆಯುವುದು. ಕಿಡಿ ಹಾರಿದರೆ ಪಕ್ಕದ ಗೋಡೆಯಲ್ಲಿರುವ ರಟ್ಟಿನಂಥ ಹಾಳೆ ಸುಟ್ಟಿದೆಯೇ ನೋಡಿ. ಬಾಗಿಲು ಬಾಗಿದ್ದರೆ, ಸರಿಯಾಗಿ ಮುಚ್ಚದಿದ್ದರೆ ಬಳಸಬೇಡಿ.

ಮೇಲಿನಿಂದ ಬಟ್ಟೆ ಹಾಕುವ ಹಲವು ವಾಷಿಂಗ್ ಮಷಿನ್‌ಗಳ ಮೋಟರ್ ಪಕ್ಕವೂ ಕೆಪಾಸಿಟರ್ ಇರುತ್ತದೆ. ಆ ಡಬ್ಬಿಯನ್ನೂ ಮುಟ್ಟಬೇಡಿ.

ಮೀಟರ್ ಇದ್ದರೆ

ಮಲ್ಟಿಮೀಟರ್ ಬಳಸಲು ಬರುವವರು, ಯಂತ್ರದ ಗ್ಯಾರಂಟಿ ಮುಗಿದಿದ್ದರೆ, ಹೀಟರ್ ಕಾಯಿಲನ್ನು ತಾವೇ ಪರೀಕ್ಷಿಸಬಹುದು. ಕಾಯಿಲ್‌ನ ಎರಡೂ ವೈರ್ ಬಿಡಿಸಿ, ಓಮ್‌ನಲ್ಲಿ ಅಳೆಯಿರಿ. ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ವಾಟ್‌ನಿಂದ ಭಾಗಿಸಿದರೆ ಎಷ್ಟು ಬರಬೇಕೆಂದು ಗೊತ್ತಾಗುತ್ತದೆ. 230 ವೋಲ್ಟ್, 2000 ವಾಟ್ ಆದರೆ ಸುಮಾರು 26 ಓಮ್. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ. ಕಾಯಿಲ್‌ನ ತುದಿಗೂ ಅದರ ಲೋಹದ ಮೈಗೂ ನಡುವೆ ಸಂಪರ್ಕ ತೋರಿಸಿದರೆ ಕರೆಂಟು ಸೋರುತ್ತಿದೆ. ಎರಡರಲ್ಲೂ ಹೊಸದೇ ಬೇಕು. ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿ ಸುತ್ತಬೇಡಿ. ಅದೇ ಅಳತೆಯ ಫ್ಯೂಸನ್ನೇ ಹಾಕಿ, ಅದು ಯಾಕೆ ಸುಟ್ಟಿತು ಎಂದೂ ಹುಡುಕಿ.

ಬಿಚ್ಚುವಾಗ ಪ್ರತಿ ಹಂತಕ್ಕೂ ಫೋಟೊ ತೆಗೆಯಿರಿ. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಕಾಗದದ ಮೇಲೆ ಅಂಟಿಸಿಡಿ.

ಎಲ್ಲ ಜೋಡಿಸಿದ ಮೇಲೆ ಮೊದಲ ಓಟ ಬಟ್ಟೆ ಇಲ್ಲದೆ, ಸಾಮಾನು ಇಲ್ಲದೆ ನಡೆಯಲಿ. ನೀವು ಪಕ್ಕದಲ್ಲೇ ಇರಿ. ಹತ್ತು ನಿಮಿಷಕ್ಕೆ ಆಫ್ ಮಾಡಿ, ಪ್ಲಗ್ ಕಿತ್ತು ಅದರ ಪ್ಲಾಸ್ಟಿಕ್ ಭಾಗ ಮುಟ್ಟಿ ನೋಡಿ. ಸ್ವಲ್ಪ ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾರದಷ್ಟು ಬಿಸಿಯಾಗಿದ್ದರೆ ಮತ್ತೆ ಸಾಕೆಟ್‌ನಿಂದಲೇ ಶುರು ಮಾಡಬೇಕು.