ಕೀನ್ಯಾದ ಮೊಂಬಾಸಾ ಸುತ್ತುವವರಿಗೆ ಒಂದಿಷ್ಟು ಟಿಪ್ಸ್

ಕಾಫಿ ಕೊಯ್ಲು ಮುಗಿಯಿತು ಅಂತ ಏಪ್ರಿಲ್, ಮೇನಲ್ಲಿ ಹೊರಡಬೇಡಿ, ಅಲ್ಲಿ ಆಗ ಜೋರು ಮಳೆ. ನಮ್ಮ ಕೊಡಗಲ್ಲಿ ಕಕ್ಕಡದ (ಜುಲೈ-ಆಗಸ್ಟ್) ಮಳೆ ಹಿಡಿದಿರುವಾಗ ಹೋಗಿ, ಸೆಕೆ ಕಡಿಮೆ. ಹಳದಿ ಜ್ವರದ ಲಸಿಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ; ಆ ಕಾರ್ಡ್ ಇಲ್ಲದಿದ್ದರೆ ವಾಪಸ್ ಬಂದಾಗ ವಿಮಾನ ನಿಲ್ದಾಣದಲ್ಲೇ ತಡೆಯಬಹುದು.

ನೈರೋಬಿಯಿಂದ ಹಗಲಿನ ರೈಲು ಹಿಡಿದರೆ ಸಾವೊ ಕಾಡು ದಾಟುವಾಗ ಕಿಟಕಿಯಿಂದಲೇ ಆನೆ ಕಾಣಬಹುದು (ತೋಟಕ್ಕೆ ನುಗ್ಗದ ಆನೆ ನೋಡೋದೇ ಒಂದು ಖುಷಿ).

ಬೆಳಿಗ್ಗೆ ಬೇಗ ಫೋರ್ಟ್ ಜೀಸಸ್ ನೋಡಿ. ಪೋರ್ಚುಗೀಸರು 1593ರಲ್ಲಿ ಶುರು ಮಾಡಿದ ಕೋಟೆ. ಅಲ್ಲಿಂದ ಹಳೇ ಪೇಟೆಗೆ ನಡೆದೇ ಹೋಗಿ, ಕೆತ್ತನೆ ಬಾಗಿಲುಗಳು ಇರುವುದು ಆ ಸಂದಿಗಳಲ್ಲೇ. ಮೋಯಿ ಅವೆನ್ಯೂದ ಆನೆದಂತದ ಆಕಾರದ ಕಮಾನಿಗೆ ಒಂದು ಫೋಟೋ ಸಾಕು. ದಕ್ಷಿಣ ತೀರಕ್ಕೆ ದಾಟಿಸುವ ಲಿಕೋನಿ ಫೆರಿ ನಡೆದು ಹತ್ತುವವರಿಗೆ ಉಚಿತ; ಸಂಜೆ ನೂಕುನುಗ್ಗಲು ಜಾಸ್ತಿ, ಪರ್ಸು ಜೋಪಾನ. ಮಸಾಲೆ ಅಂಗಡಿಯಲ್ಲಿ ಕರಿಮೆಣಸು ಮಾತ್ರ ಕೊಳ್ಳಬೇಡಿ, ಮನೆಯಲ್ಲೇ ಇದೆ ಅಲ್ವಾ!